ಸಿಹಿಮೂತ್ರ ರೋಗವೂ ನಮ್ಮ ಹಿತ್ತಲ ಮೂಲಿಕೆಗಳೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಯಾವ ಊರಿಗೆ ಹೋದರೂ ಸಕ್ಕರೆ ಕಾಯಿಲೆಗೆ ಒಂದು ಸೊಪ್ಪಿನ ಹೆಸರು ಹೇಳುವವರು ದೊರೆಯುತ್ತಾರೆ. ಒಬ್ಬರು ಹಾಗಲಕಾಯಿಯ ರಸವೆನ್ನುತ್ತಾರೆ, ಮತ್ತೊಬ್ಬರು ನೇರಳೆ ಬೀಜದ ಪುಡಿಯೆನ್ನುತ್ತಾರೆ, ಇನ್ನೊಬ್ಬರು ಸಂತೆಯಲ್ಲಿ ಕೊಂಡು ತಂದ ಹೆಸರಿಲ್ಲದ ಪೊಟ್ಟಣವನ್ನೇ ತೆಗೆದು ತೋರಿಸುತ್ತಾರೆ. ಇವರೆಲ್ಲರೂ ಹೇಳುವುದು ಸುಳ್ಳೆಂದು ತಳ್ಳಿಹಾಕುವುದು ನಮ್ಮ ಉದ್ದೇಶವಲ್ಲ. ಇವುಗಳಲ್ಲಿ ಕೆಲವಕ್ಕೆ ನಿಜವಾದ ಗುಣವುಂಟು. ಆದರೆ ಎಷ್ಟು ಗುಣ, ಯಾರಿಗೆ, ಯಾವ ಅಳತೆಯಲ್ಲಿ ಎಂಬುದನ್ನು ತಿಳಿಯದೆ ನಡೆದುಕೊಂಡುದರಿಂದ ಕಣ್ಣು, ಕಾಲು, ಕೆಲವೊಮ್ಮೆ ಪ್ರಾಣವನ್ನೇ ಕಳೆದುಕೊಂಡವರೂ ಉಂಟು. ಆದುದರಿಂದ ದಂಪತಿಗಳಾದ ನೀವಿಬ್ಬರೂ ಈ ವಿಷಯವನ್ನು ಒಟ್ಟಿಗೆ ಕುಳಿತು ಓದುವುದು ಒಳ್ಳೆಯದು. ಓದು ಬಾರದವರಿದ್ದರೆ ಒಬ್ಬರು ಓದಿ ಇನ್ನೊಬ್ಬರಿಗೆ ಹೇಳಬೇಕು.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ನಾವು ಉಣ್ಣುವ ರೊಟ್ಟಿ, ಅನ್ನ, ಬೆಲ್ಲ ಎಲ್ಲವೂ ಹೊಟ್ಟೆಯಲ್ಲಿ ಜೀರ್ಣವಾಗಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತವೆ. ಆ ಸಕ್ಕರೆಯನ್ನು ರಕ್ತದಿಂದ ಮಾಂಸಖಂಡಗಳೊಳಕ್ಕೆ ಸೇರಿಸಿ ಶಕ್ತಿಯಾಗುವಂತೆ ಮಾಡುವುದು ಇನ್ಸುಲಿನ್ ಎಂಬ ರಸ. ಜಠರದ ಹಿಂದೆ ಇರುವ ಮೇದೋಜೀರಕ ಗ್ರಂಥಿಯು ಇದನ್ನು ತಯಾರಿಸುತ್ತದೆ. ಈ ರಸ ಸಾಲದೆ ಹೋದಾಗ, ಅಥವಾ ಇದ್ದರೂ ದೇಹವು ಅದರ ಮಾತನ್ನು ಕೇಳದೆ ಹೋದಾಗ, ಸಕ್ಕರೆಯು ರಕ್ತದಲ್ಲಿಯೇ ಉಳಿದು ಮೂತ್ರದಲ್ಲಿ ಹರಿದು ಹೋಗುತ್ತದೆ. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ತೂಬು ತೆರೆಯದೆ ಹೊಲ ಒಣಗಿದಂತೆ ಇದು. ರಕ್ತದಲ್ಲಿ ಸಕ್ಕರೆ ತುಂಬಿರುವಾಗಲೇ ಮನುಷ್ಯನು ಸೊರಗುತ್ತಾನೆ. ಪದೇ ಪದೇ ಮೂತ್ರ, ತೀರದ ಬಾಯಾರಿಕೆ, ಕಾರಣವಿಲ್ಲದ ಆಯಾಸ, ಮಾಯದ ಗಾಯ, ಗುಪ್ತಾಂಗದಲ್ಲಿ ತುರಿಕೆ ಇವು ಇದರ ಚಿಹ್ನೆಗಳು. ಆದರೆ ಬಹುಮಂದಿಗೆ ವರ್ಷಗಟ್ಟಲೆ ಯಾವ ಚಿಹ್ನೆಯೂ ಕಾಣಿಸದು. ಮೋಸವಿರುವುದು ಅಲ್ಲಿಯೇ.

ನಮ್ಮ ಹಿರಿಯರ ಕಾಲದಲ್ಲಿ ಇದು ಶ್ರೀಮಂತರ ರೋಗವೆನಿಸಿತ್ತು. ಈಗ ಹಾಗಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಗಂಗಾವತಿಯು ಭತ್ತದ ಕಣಜವಾಯಿತು. ಅದು ಸಂತೋಷದ ಸಂಗತಿಯೇ. ಆದರೆ ಕುಷ್ಟಗಿ, ಯಲಬುರ್ಗಾಗಳ ಬೆದ್ದಲು ಊರುಗಳಲ್ಲಿಯೂ ಸಜ್ಜೆ, ಜೋಳ, ನವಣೆಗಳ ಜಾಗಕ್ಕೆ ಪಾಲಿಶ್ ಮಾಡಿದ ಬಿಳಿ ಅಕ್ಕಿ ಬಂದು ಕುಳಿತಿದೆ. ರಂಟೆ, ಕುಂಟೆಗಳ ಕೆಲಸವನ್ನು ಟ್ರ್ಯಾಕ್ಟರು ಮಾಡುತ್ತಿದೆ. ದಿನಕ್ಕೆ ನಾಲ್ಕಾರು ಬಾರಿ ಸಕ್ಕರೆ ಸುರಿದ ಚಹಾ ಸೇವನೆಯಾಗುತ್ತದೆ. ಊಟ ಬದಲಾಗಿ, ಮೈ ಮುರಿದು ಮಾಡುವ ದುಡಿಮೆ ಕಡಿಮೆಯಾದಾಗ ರೋಗವು ಹಳ್ಳಿ-ಪಟ್ಟಣವೆಂಬ ಭೇದ ನೋಡುವುದಿಲ್ಲ.

ಈಗ ಮೂಲಿಕೆಗಳ ವಿಷಯಕ್ಕೆ ಬರೋಣ. ಇವುಗಳಲ್ಲಿ ಹೆಸರಿನಿಂದಲೇ ಜನರನ್ನು ಸೆಳೆಯುವುದು ಮಧುನಾಶಿನಿ. ಸಿಹಿಯನ್ನು ನಾಶಮಾಡುವುದು ಎಂದು ಅದರ ಅರ್ಥ. ಕುರುಚಲು ಕಾಡಿನಲ್ಲಿ ಪೊದೆಗಳ ಮೇಲೆ ಹಬ್ಬುವ ಬಳ್ಳಿ ಇದು. ಇದರ ಎರಡು ಎಲೆಗಳನ್ನು ಚೆನ್ನಾಗಿ ಅಗಿದು ಉಗುಳಿ, ಅನಂತರ ಒಂದು ಚಿಟಿಕೆ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರೆ ಮರಳು ತಿಂದಂತಾಗುತ್ತದೆ. ಬೆಲ್ಲವೂ ಮಣ್ಣಿನ ಹೆಂಟೆಯಂತಾಗುತ್ತದೆ. ಉಪ್ಪು, ಹುಳಿಗಳ ರುಚಿ ಮಾತ್ರ ಹಾಗೆಯೇ ಉಳಿಯುತ್ತದೆ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲವೆಂಬ ವಸ್ತುವು ನಾಲಗೆಯ ಮೇಲೆ ಸಿಹಿಯನ್ನು ಗುರುತಿಸುವ ಸೂಕ್ಷ್ಮ ಸ್ಥಾನಗಳನ್ನು ಮುಚ್ಚಿಬಿಡುವುದೇ ಇದಕ್ಕೆ ಕಾರಣ. ಅರ್ಧ ಗಂಟೆಯಿಂದ ಒಂದು ಗಂಟೆಯ ಅವಧಿಯಲ್ಲಿ ಸಿಹಿ ಮರಳಿ ಬರುತ್ತದೆ. ಸಂತೆಯಲ್ಲಿ ಮೂಲಿಕೆ ಮಾರುವವನು ಈ ಆಟವನ್ನು ನಿಮ್ಮ ಬಾಯಿಯಲ್ಲಿಯೇ ಮಾಡಿ ತೋರಿಸಿ, "ನೋಡ್ರಿ ಯಜಮಾನ್ರ, ಬಾಯಾಗಿನ ಸಕ್ಕರಿ ಸತ್ತಂಗ ಮೈಯಾಗಿನ ಸಕ್ಕರೀನೂ ಸಾಯತೈತಿ" ಎಂದರೆ ನಂಬದಿರುವುದು ಕಷ್ಟ. ಆದರೆ ವಿಚಾರ ಮಾಡಿ ನೋಡಿ. ನಾಲಗೆಗೆ ಸಿಹಿ ತಿಳಿಯದೆ ಹೋದರೂ ನುಂಗಿದ ಸಕ್ಕರೆಯು ಸಕ್ಕರೆಯೇ. ಅದು ಹೊಟ್ಟೆಗೆ ಹೋಗಿ ರಕ್ತವನ್ನು ಸೇರುವುದು ತಪ್ಪುವುದಿಲ್ಲ. ನಾಲಗೆಯ ಸಿಹಿ ಬೇರೆ, ರಕ್ತದ ಸಕ್ಕರೆ ಬೇರೆ.

ಹಾಗಾದರೆ ಮಧುನಾಶಿನಿಯಿಂದ ರಕ್ತದ ಸಕ್ಕರೆಗೆ ಏನೂ ಆಗುವುದಿಲ್ಲವೇ? ಆಗುವಂತೆ ತೋರುತ್ತದೆ. 1990ರಲ್ಲಿ ಮದ್ರಾಸಿನ ಸಂಶೋಧಕರು 22 ಮಂದಿ ರೋಗಿಗಳಿಗೆ ಈ ಎಲೆಯಿಂದ ತೆಗೆದ ಸಾರವನ್ನು ದಿನಕ್ಕೆ 400 ಮಿಲಿಗ್ರಾಂನಂತೆ 18ರಿಂದ 20 ತಿಂಗಳ ಕಾಲ ಕೊಟ್ಟುದನ್ನು ಪ್ರಕಟಿಸಿದರು. ಸಕ್ಕರೆಯ ಪ್ರಮಾಣ ಇಳಿಯಿತು, ಅವರಲ್ಲಿ ಐವರು ಮಾತ್ರೆಗಳನ್ನು ಬಿಡುವಂತಾಯಿತು. ಇದು ಆಶಾದಾಯಕ. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಅವರು ಕೊಟ್ಟದ್ದು ಅಳತೆ ಮಾಡಿದ ಸಾರವನ್ನೇ ಹೊರತು ಹಿಡಿ ಸೊಪ್ಪನ್ನಲ್ಲ. ಮತ್ತು ರೋಗಿಗಳು ತಮ್ಮ ಮಾತ್ರೆಗಳನ್ನು ಮೊದಲ ದಿನವೇ ಎಸೆದು ಬರಲಿಲ್ಲ. ಮಾತ್ರೆಯ ಜೊತೆಯಲ್ಲಿಯೇ ಸಾರವನ್ನು ಸೇವಿಸಿದರು. ರಕ್ತ ಪರೀಕ್ಷೆ ನೋಡಿಕೊಂಡು ವೈದ್ಯರು ಮಾತ್ರೆಯನ್ನು ಇಳಿಸಿದರು. ಇಪ್ಪತ್ತೆರಡು ಮಂದಿಯ ಅನುಭವವು ಒಂದು ನಾಡಿಗೆ ಔಷಧಿ ಹೇಳಲು ಸಾಲದು ಎಂಬುದನ್ನೂ ನೆನಪಿಡಬೇಕು.

ಇದಕ್ಕಿಂತ ದೊಡ್ಡ ಪರೀಕ್ಷೆ ನಡೆದದ್ದು ಹೊನ್ನೆ ಮರದ ಮೇಲೆ. ಹೊನ್ನೆಯ ಕಟ್ಟಿಗೆಯಿಂದ ಕಡೆದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವ ಪದ್ಧತಿಯನ್ನು ನೀವು ಕೇಳಿರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ನಾಲ್ಕು ಕೇಂದ್ರಗಳಲ್ಲಿ, ಹೊಸದಾಗಿ ರೋಗ ಪತ್ತೆಯಾದ 97 ಮಂದಿಗೆ ಹೊನ್ನೆಯ ಔಷಧಿಯನ್ನು ಕೊಟ್ಟು ನೋಡಿತು. 1998ರಲ್ಲಿ ಪ್ರಕಟವಾದ ಫಲಿತಾಂಶದಂತೆ 12 ವಾರಗಳಲ್ಲಿ 67 ಮಂದಿಯ ಸಕ್ಕರೆ ಹತೋಟಿಗೆ ಬಂದಿತು. ಉಳಿದವರದು ಬರಲಿಲ್ಲ. ಇವರೆಲ್ಲರೂ ರೋಗದ ಆರಂಭದಲ್ಲಿದ್ದವರು. ಹತ್ತು ವರ್ಷ ಹಳೆಯ ರೋಗವಿದ್ದವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಲೋಟದ ನೀರನ್ನು ನಂಬಿ ಕುಳಿತರೆ ಅದು ಈ ಪರೀಕ್ಷೆಯ ಮಾತನ್ನು ತಿರುಚಿದಂತೆ.

ಅಡಿಗೆಮನೆಯ ಮೂಲಿಕೆಗಳಲ್ಲಿ ನಮ್ಮ ಮೆಚ್ಚುಗೆ ಹೆಚ್ಚಾಗಿ ಮೆಂತ್ಯಕ್ಕೆ ಸಲ್ಲುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಿಂದಲೇ ಮೆಂತ್ಯ ಬೀಜದ ಗುಣವನ್ನು ರೋಗಿಗಳಲ್ಲಿ ಪರೀಕ್ಷಿಸಿದ್ದಾರೆ. ಮೆಂತ್ಯವನ್ನು ನೆನೆಸಿದಾಗ ಲೋಳೆಯಾಗುವುದನ್ನು ನೀವು ಬಲ್ಲಿರಿ. ಆ ಲೋಳೆಯೇ ಇದರ ಗುಟ್ಟು. ಅದು ಕರುಳಿನಲ್ಲಿ ಆಹಾರದ ಸುತ್ತ ಕವಿದುಕೊಂಡು ಸಕ್ಕರೆಯು ರಕ್ತಕ್ಕೆ ಒಮ್ಮೆಲೇ ನುಗ್ಗದಂತೆ ತಡೆಯುತ್ತದೆ. ದಿನಕ್ಕೆ ಸುಮಾರು 25 ಗ್ರಾಂ ಬೀಜವನ್ನು ಎರಡು ಭಾಗ ಮಾಡಿ, ರಾತ್ರಿ ನೆನೆಯಿಟ್ಟು ಅಥವಾ ಹಿಟ್ಟು ಮಾಡಿ, ರೊಟ್ಟಿಯ ಹಿಟ್ಟಿನಲ್ಲಿಯೋ ಮಜ್ಜಿಗೆಯಲ್ಲಿಯೋ ಕಲಸಿ ಸೇವಿಸುವುದು ವಾಡಿಕೆ. ಮೊದಲ ದಿನವೇ ಇಷ್ಟನ್ನೂ ತಿಂದರೆ ಹೊಟ್ಟೆಯುಬ್ಬರ, ಭೇದಿ ಆಗಬಹುದು. ಒಂದು ಚಿಕ್ಕ ಚಮಚದಿಂದ ಆರಂಭಿಸಿ ನಿಧಾನವಾಗಿ ಏರಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಈ ಪ್ರಮಾಣದಲ್ಲಿ ಸೇವಿಸಕೂಡದು. ಮೆಂತ್ಯ ಪಲ್ಯವನ್ನಾದರೋ ಯಾರೂ ತಿನ್ನಬಹುದು. ಕಾಳು ಪಲ್ಲೆ, ಪುಂಡಿ ಪಲ್ಲೆ, ಹಕ್ಕರಕಿಗಳೊಡನೆ ಎರಡು ಸಜ್ಜೆ ರೊಟ್ಟಿಯನ್ನು ತಿನ್ನುವ ಹಳೆಯ ಊಟವನ್ನು ಪಟ್ಟಣದ ಆಹಾರ ತಜ್ಞರು ಈಗ ಹೊಗಳುತ್ತಿದ್ದಾರೆ. ಅದನ್ನು ಹೊಸದಾಗಿ ಕಲಿಯಬೇಕಾದ ಕಷ್ಟ ನಿಮಗಿಲ್ಲ.

ಹಾಗಲಕಾಯಿ ಪಲ್ಯಕ್ಕೂ ಅಭ್ಯಂತರವಿಲ್ಲ. ಆದರೆ ಕಹಿಯನ್ನು ತಿಂದರೆ ಸಿಹಿ ಹೊಡೆದುಹೋಗುತ್ತದೆ ಎಂಬ ತರ್ಕ ಸರಿಯಲ್ಲ. ಹಾಗಲಕಾಯಿಗೆ ಸಕ್ಕರೆಯನ್ನು ಇಳಿಸುವ ಗುಣ ಸ್ವಲ್ಪಮಟ್ಟಿಗೆ ಇರುವುದು ಅದರಲ್ಲಿರುವ ಕೆಲವು ವಸ್ತುಗಳಿಂದ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಲ್ಲಿ ಫಲ ಒಂದೇ ತೆರನಾಗಿ ಬಂದಿಲ್ಲ. ಜಾಮೂನು ತಿಂದು ಮೇಲೊಂದು ಲೋಟ ಹಾಗಲ ರಸ ಕುಡಿದು ಲೆಕ್ಕ ಸರಿಹೋಯಿತೆನ್ನುವವರು ತಮ್ಮನ್ನು ತಾವೇ ವಂಚಿಸಿಕೊಳ್ಳುತ್ತಾರೆ. ನೇರಳೆ ಬೀಜ, ಬಿಲ್ವಪತ್ರೆ, ಆವರಿಕೆಯ ಹಳದಿ ಹೂವು ಇವುಗಳ ವಿಷಯದಲ್ಲಿಯೂ ಪ್ರಾಣಿಗಳ ಮೇಲಿನ ಪ್ರಯೋಗಗಳೇ ಹೆಚ್ಚು, ಮನುಷ್ಯರ ಮೇಲೆ ನಡೆದ ದೊಡ್ಡ ಪರೀಕ್ಷೆಗಳು ವಿರಳ. ಇನ್ನು ಇತ್ತೀಚೆಗೆ ಮನೆಮನೆಯ ಅಂಗಳದಲ್ಲಿ ಕಾಣುತ್ತಿರುವ 'ಇನ್ಸುಲಿನ್ ಗಿಡ'ದಲ್ಲಿ ಇನ್ಸುಲಿನ್ ಇಲ್ಲ. ಅದು ಜನರು ಇಟ್ಟ ಹೆಸರು ಅಷ್ಟೆ.

ಒಂದು ಗಿಡದಿಂದ ನಂಬಿಕೆಯ ಔಷಧಿ ಹೊರಬರುವುದು ಹೇಗೆಂಬುದಕ್ಕೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದೊರೆಯುವ ಮೆಟ್‌ಫಾರ್ಮಿನ್ ಮಾತ್ರೆಯೇ ಸಾಕ್ಷಿ. ಯುರೋಪಿನಲ್ಲಿ ಗ್ಯಾಲೆಗಾ ಎಂಬ, ಬಟಾಣಿ ಕುಟುಂಬಕ್ಕೆ ಸೇರಿದ ಒಂದು ಹೂಗಿಡವುಂಟು. ಅದನ್ನು ಹೆಚ್ಚು ಮೇಯ್ದ ಕುರಿಗಳು ಸಾಯುತ್ತಿದ್ದವು. ಅದರಲ್ಲಿನ ವಸ್ತುವು ರಕ್ತದ ಸಕ್ಕರೆಯನ್ನು ಇಳಿಸುವುದಾದರೂ ಮನುಷ್ಯನಿಗೆ ವಿಷಕರವಾಗಿತ್ತು. ವಿಜ್ಞಾನಿಗಳು ಅದರ ಸಂಬಂಧಿಯಾದ ಆದರೆ ಬಹಳ ಸೌಮ್ಯವಾದ ವಸ್ತುವನ್ನು 1922ರಲ್ಲಿ ತಯಾರಿಸಿದರು. ಫ್ರಾನ್ಸಿನ ವೈದ್ಯ ಜ್ಯಾನ್ ಸ್ಟರ್ನ್ ಅವರು 1957ರಲ್ಲಿ ಅದನ್ನು ರೋಗಿಗಳಿಗೆ ಕೊಟ್ಟ ವರದಿಯನ್ನು ಪ್ರಕಟಿಸಿದರು. ಎಲೆಯಿಂದ ಮಾತ್ರೆಗೆ ಬರಲು ಇಷ್ಟು ವರ್ಷ ಹಿಡಿಯಿತು. ಆದುದರಿಂದ ಮಾತ್ರೆಯೆಂದರೆ ಗಿಡಮೂಲಿಕೆಗೆ ವೈರಿ ಎಂದು ಭಾವಿಸಬೇಡಿ. ಇದು ಗಿಡದ ಸುಳಿವಿನಿಂದಲೇ ಹುಟ್ಟಿ, ಅಳತೆ ಕಲಿತು ಬಂದ ಔಷಧಿ.

ಎಲ್ಲ ಗಿಡಗಳ ಕತೆಯೂ ಹೀಗೆಯೇ ಮುಗಿಯುವುದಿಲ್ಲ. ನಿಮ್ಮ ಅಂಗಳದಲ್ಲಿ ವರ್ಷವಿಡೀ ಹೂಬಿಡುವ ಸದಾಪುಷ್ಪವನ್ನು, ಅಂದರೆ ಕಾಶಿ ಕಣಗಿಲೆಯನ್ನು, ನೋಡಿ. ಇದರ ಎಲೆಯ ಕಷಾಯವು ಸಕ್ಕರೆ ರೋಗಕ್ಕೆ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿಯೂ ಇದೆ, ಸಮುದ್ರದಾಚೆಯ ಜಮೈಕಾದಲ್ಲಿಯೂ ಇತ್ತು. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ಅದನ್ನು ಇಲಿಗಳಿಗೆ ಕೊಟ್ಟು ನೋಡಿದಾಗ ಸಕ್ಕರೆ ಇಳಿಯಲಿಲ್ಲ. ಅದರ ಬದಲು, ರೋಗಗಳೊಡನೆ ಹೋರಾಡುವ ಬಿಳಿ ರಕ್ತಕಣಗಳು ಇಳಿದವು. ಆ ಶೋಧದಿಂದ ಕ್ಯಾನ್ಸರ್ ರೋಗಕ್ಕೆ ವಿನ್‌ಬ್ಲಾಸ್ಟಿನ್ ಎಂಬ ಪ್ರಬಲ ಔಷಧಿ ದೊರೆಯಿತು. ಲೋಕಕ್ಕೆ ಇದು ಲಾಭವೇ. ಆದರೆ ಅಂತಹ ಎಲೆಯನ್ನು ಸಕ್ಕರೆ ರೋಗಿಯು ಪ್ರತಿದಿನ ಬೆಳಿಗ್ಗೆ ಅಗಿಯುವುದು ಸರಿಯೇ ಎಂಬುದನ್ನು ನೀವೇ ಯೋಚಿಸಿ.

ಸೊಪ್ಪಿನಿಂದ ಲಾಭವಾಗದಿದ್ದರೂ ನಷ್ಟವೇನೂ ಇಲ್ಲ ಎಂಬ ಮಾತು ಈ ಕಾರಣದಿಂದ ಅಪಾಯಕರ. 2010ರಲ್ಲಿ ದೆಹಲಿಯಲ್ಲಿ ಸಕ್ಕರೆ ರೋಗವಿದ್ದ ವಿಜ್ಞಾನಿಯೊಬ್ಬರು ಸೋರೆಕಾಯಿ ಮತ್ತು ಹಾಗಲಕಾಯಿಯ ರಸವನ್ನು ಬೆರೆಸಿ ಕುಡಿದು ಮೃತರಾದರು. ಓದಿದವರೇ, ತಿಳಿದವರೇ ಅವರು. ಕೆಲವು ಸೋರೆಕಾಯಿಗಳು ಕಹಿಯಾಗಿರುತ್ತವೆ, ಆ ಕಹಿಯೇ ವಿಷ. ಹಾಗಲದ ಕಹಿಯೊಡನೆ ಬೆರೆತಾಗ ಅದು ನಾಲಗೆಗೆ ಗೊತ್ತಾಗುವುದಿಲ್ಲ. ಇದಾದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ತಜ್ಞರ ಸಮಿತಿಯು ಕಹಿಯಾದ ಸೋರೆಕಾಯಿಯ ರಸವನ್ನು ಕುಡಿಯಬಾರದು, ಇತರ ರಸಗಳೊಡನೆ ಬೆರೆಸಬಾರದು ಎಂದು ಎಚ್ಚರಿಸಿತು. ಹೆಚ್ಚುವ ಮೊದಲು ತುದಿಯ ಚಿಕ್ಕ ಚೂರನ್ನು ನಾಲಗೆಗೆ ಮುಟ್ಟಿಸಿ ನೋಡಿ. ಕಹಿಯಿದ್ದರೆ ಕಾಯನ್ನು ತಿಪ್ಪೆಗೆ ಎಸೆಯಿರಿ. ರಸ ಕುಡಿದ ಮೇಲೆ ವಾಂತಿ, ಹೊಟ್ಟೆನೋವು, ರಕ್ತಭೇದಿ ಕಂಡರೆ ಮಜ್ಜಿಗೆ ಕುಡಿಸುತ್ತ ಕಾಲ ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು.

ಅಮೃತಬಳ್ಳಿಯ ವಿಷಯವನ್ನೂ ಹೇಳಬೇಕು. ಕೋವಿಡ್ ಕಾಲದಲ್ಲಿ ಇದರ ಕಷಾಯವನ್ನು ತಿಂಗಳುಗಟ್ಟಲೆ ಕುಡಿದವರಲ್ಲಿ ಕೆಲವರಿಗೆ ಕಾಮಾಲೆಯಾಗಿ ಯಕೃತ್ತು ಕೆಟ್ಟುದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಅದು ಅಮೃತಬಳ್ಳಿಯಲ್ಲ, ಅದರಂತೆಯೇ ಕಾಣುವ ಬೇರೊಂದು ಬಳ್ಳಿಯಿರಬಹುದೆಂದು ಆಯುಷ್ ಸಚಿವಾಲಯ ಹೇಳಿತು. ಯಾರ ಮಾತು ನಿಜವಾದರೂ ನಿಮಗೆ ಪಾಠ ಒಂದೇ: ಬಳ್ಳಿಯನ್ನು ಗುರುತಿಸುವಲ್ಲಿ ತಪ್ಪಾಗಬಹುದು, ಮತ್ತು ಸರಿಯಾದ ಬಳ್ಳಿಯನ್ನೂ ಅಳತೆ ತಪ್ಪಿ ಕುಡಿಯಬಹುದು. ನೆರೆಯ ಗದಗ ಜಿಲ್ಲೆಯ ಕಪ್ಪತಗುಡ್ಡವು ಔಷಧಿ ಸಸ್ಯಗಳಿಗೆ ಹೆಸರಾದುದು. ಅಲ್ಲಿಯದೆಂದು ಹೇಳಿ ಮಾರುವುದೆಲ್ಲ ಅಲ್ಲಿಯದಲ್ಲ. 2019ರಲ್ಲಿ ವನ್ಯಜೀವಿ ಧಾಮವಾದ ಆ ಗುಡ್ಡದಿಂದ ಮನಬಂದಂತೆ ಗಿಡ ಕಿತ್ತು ತರುವಂತೆಯೂ ಇಲ್ಲ.

ಎಲ್ಲಕ್ಕಿಂತ ಹೆಚ್ಚಿನ ಭಯವಿರುವುದು ಹೆಸರು, ವಿಳಾಸ, ತಯಾರಾದ ದಿನಾಂಕ ಒಂದೂ ಇಲ್ಲದ ಪುಡಿಗಳಿಂದ. ಇಂತಹ 'ಶುದ್ಧ ಗಿಡಮೂಲಿಕೆ' ಪುಡಿಗಳಲ್ಲಿ ಸಕ್ಕರೆ ಇಳಿಸುವ ಇಂಗ್ಲಿಷ್ ಮಾತ್ರೆಗಳನ್ನೇ ಅರೆದು ಬೆರೆಸಿದ್ದು, ಸೀಸದಂತಹ ಲೋಹಗಳಿದ್ದದ್ದು ಪರೀಕ್ಷೆಗಳಲ್ಲಿ ಪತ್ತೆಯಾಗಿವೆ. ಪುಡಿಯಿಂದ ಎರಡೇ ದಿನದಲ್ಲಿ ಸಕ್ಕರೆ ಇಳಿಯಿತೆಂದು ಹಿಗ್ಗುವ ಮೊದಲು, ಅದರಲ್ಲಿ ಏನಿದೆ ಎಂದು ಸಂಶಯಪಡಿ. ಯುಕ್ತವಾದ ಹಾದಿಯೂ ಇದೆ. ಪದವಿ ಪಡೆದ ಆಯುರ್ವೇದ ವೈದ್ಯರು ಸರ್ಕಾರಿ ಆಯುಷ್ ಚಿಕಿತ್ಸಾಲಯಗಳಲ್ಲಿ ಇರುತ್ತಾರೆ. ಮೂಲಿಕೆಯ ಮೇಲೆ ವಿಶ್ವಾಸವಿದ್ದವರು ಅವರ ಬಳಿಗೆ ಹೋಗಲಿ, ರಕ್ತ ಪರೀಕ್ಷೆಯ ಚೀಟಿಯನ್ನೂ ಈಗ ನುಂಗುತ್ತಿರುವ ಮಾತ್ರೆಯ ಪಟ್ಟಿಯನ್ನೂ ತೋರಿಸಲಿ.

ಯಲಬುರ್ಗಾ ತಾಲ್ಲೂಕಿನ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಸಕ್ಕರೆಯ ಮಾತ್ರೆ ನುಂಗಿದ್ದಾನೆ. ನೆರೆಯವರು ಹೇಳಿದರೆಂದು ಮಧುನಾಶಿನಿ ಎಲೆಗಳನ್ನು ಅಗಿದು ಹಾಗಲ ರಸವನ್ನೂ ಕುಡಿದಿದ್ದಾನೆ. ಬುತ್ತಿ ಬರುವುದು ತಡವಾಗಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಕೈ ನಡುಗಿ, ಮೈ ಬೆವರಿ, ಮಾತು ತೊದಲಿ ಬದುವಿನ ಮೇಲೆ ಕುಸಿದು ಕುಳಿತಿದ್ದಾನೆ. ನೋಡಿದವರು ಕುಡಿದಿದ್ದಾನೆ ಎಂದುಕೊಂಡರೂ ಆಶ್ಚರ್ಯವಿಲ್ಲ. ಇದು ರಕ್ತದ ಸಕ್ಕರೆ ಮಿತಿಮೀರಿ ಇಳಿದ ಸ್ಥಿತಿ. ಮಾತ್ರೆಯೂ ಮೂಲಿಕೆಯೂ ಸೇರಿ ಒಂದೇ ಕೆಲಸವನ್ನು ಇಮ್ಮಡಿ ಮಾಡಿದಾಗ ಹೀಗಾಗುತ್ತದೆ. ಅಂತಹ ಸಮಯದಲ್ಲಿ ಕೂಡಲೇ ಮೂರು ಚಿಕ್ಕ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. ಎಲೆ ಅಗಿದವನಿಗೆ ಅದು ಸಪ್ಪೆಯೆನಿಸಿ ಬೇಡವೆನ್ನಬಹುದು. ಬಿಡದೆ ಕುಡಿಸಿ. ಹದಿನೈದು ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಮತ್ತೊಮ್ಮೆ ಕೊಡಿ, ಅನಂತರ ಊಟ ಮಾಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ರೋಗವಿರುವವರ ಮಡದಿಯಾಗಲಿ ಪತಿಯಾಗಲಿ ಇದನ್ನು ಕಲಿತಿರಲೇಬೇಕು, ಏಕೆಂದರೆ ಆ ಹೊತ್ತಿನಲ್ಲಿ ರೋಗಿಗೆ ತನ್ನ ಬುದ್ಧಿ ತನ್ನ ವಶದಲ್ಲಿರುವುದಿಲ್ಲ.

ಚಿಕ್ಕ ಮಕ್ಕಳಿಗೆ ಬರುವ ಸಿಹಿಮೂತ್ರ ರೋಗದಲ್ಲಿ ಮೂಲಿಕೆಯ ಮಾತೇ ಬೇಡ. ಅವರ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತಿರುತ್ತದೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ 14 ವರ್ಷದ ಬಾಲಕನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವವರೆಗೆ ಇಂತಹ ಮಕ್ಕಳನ್ನು ಉಳಿಸುವ ಉಪಾಯ ಜಗತ್ತಿನಲ್ಲಿ ಇರಲಿಲ್ಲ. ಈಗಲೂ ಯಾರದೋ ಮಾತು ಕೇಳಿ ಸೂಜಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಮಗು ಏದುಸಿರು ಬಿಡುತ್ತ ಪ್ರಜ್ಞೆ ತಪ್ಪಬಹುದು.

ಗರ್ಭಿಣಿಯರ ವಿಷಯವು ಕುಟುಂಬ ಕಲ್ಯಾಣಕ್ಕೆ ನೇರವಾಗಿ ಸಂಬಂಧಿಸಿದುದು. ಮೊದಲು ರೋಗವಿಲ್ಲದ ಹೆಣ್ಣುಮಗಳಿಗೂ ಬಸುರಿನಲ್ಲಿ ಸಕ್ಕರೆ ಏರಬಹುದು. ಹಾಗಾದಾಗ ಕೂಸು ಮಿತಿಮೀರಿ ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ. ಹುಟ್ಟಿದ ಮೇಲೆ ಕೂಸಿನ ರಕ್ತದ ಸಕ್ಕರೆ ಕುಸಿಯುವ ಭಯವೂ ಇದೆ. ಆದುದರಿಂದ ಬಸುರಿಯಾದುದು ತಿಳಿದ ಕೂಡಲೇ ಒಮ್ಮೆ, 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ಪರೀಕ್ಷೆ ಮಾಡುತ್ತಾರೆ. 140 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಆಹಾರ ನಿಯಮ, ಅಗತ್ಯವಾದರೆ ಔಷಧಿ ಕೊಡುತ್ತಾರೆ. ಇದನ್ನು ತಪ್ಪಿಸಿಕೊಂಡು ತವರಿನವರು ಕಳಿಸಿದ ಕಷಾಯ ಕುಡಿಯುವುದು ತರವಲ್ಲ. ಹಾಗಲ ರಸ, ಔಷಧಿ ಪ್ರಮಾಣದ ಮೆಂತ್ಯ, ಸದಾಪುಷ್ಪ ಇವು ಬಸುರಿಯರಿಗೆ ವರ್ಜ್ಯ. ಒಗ್ಗರಣೆಯ ಮೆಂತ್ಯಕ್ಕೆ ಹೆದರಬೇಕಿಲ್ಲ. ಮೊದಲೇ ಸಕ್ಕರೆ ರೋಗವಿರುವ ಹೆಣ್ಣುಮಗಳಾದರೆ, ಸಕ್ಕರೆ ಹತೋಟಿಗೆ ಬಂದ ಮೇಲೆಯೇ ಗರ್ಭ ಧರಿಸುವುದು ಕ್ಷೇಮ. ಕೂಸಿನ ಹೃದಯ, ಬೆನ್ನುಹುರಿಗಳು ರೂಪುಗೊಳ್ಳುವುದು ಮೊದಲ ಎರಡು ತಿಂಗಳಲ್ಲಿ. ಆವರೆಗೆ ವಂಕಿ ಅಥವಾ ನಿರೋಧ್ ಬಳಸಬಹುದು. ತಾಮ್ರದ ವಂಕಿಗೆ ಸಕ್ಕರೆ ರೋಗ ಅಡ್ಡಿಯಲ್ಲ.

ಕಾಲಿಗೆ ಜಾಲಿಯ ಮುಳ್ಳು ಚುಚ್ಚಿದಾಗ ಎಕ್ಕೆಯ ಹಾಲನ್ನು ಹಚ್ಚುವುದನ್ನು ಸಕ್ಕರೆ ರೋಗಿಗಳು ಬಿಡಬೇಕು. ಸ್ಪರ್ಶಜ್ಞಾನ ಮಂದವಾದ ಪಾದಕ್ಕೆ ಅದು ಸುಟ್ಟದ್ದೂ ತಿಳಿಯುವುದಿಲ್ಲ. ಶುದ್ಧ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಕೇಳಿದ ಮೇಲೂ, ಮೆಂತ್ಯವನ್ನೋ ವೈದ್ಯರು ಒಪ್ಪಿದ ಬೇರೊಂದು ಮೂಲಿಕೆಯನ್ನೋ ಸೇವಿಸಿ ನೋಡುವ ಮನಸ್ಸಿದ್ದರೆ ಹೀಗೆ ಮಾಡಿ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಮೂವತ್ತು ವರ್ಷ ದಾಟಿದವರೆಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ. ಬರಿ ಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆಯಿದ್ದರೆ ಸರಿ, 126 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ನೋಡಿ ರೋಗವೆಂದು ನಿರ್ಧರಿಸುತ್ತಾರೆ. ಮಾತ್ರೆಯನ್ನು ಬಿಡಬೇಡಿ. ಒಂದು ಕಾಲಕ್ಕೆ ಒಂದೇ ಮೂಲಿಕೆ. ನಾಲ್ಕನ್ನು ಬೆರೆಸಿದರೆ ಯಾವುದರಿಂದ ಗುಣ, ಯಾವುದರಿಂದ ದೋಷವೆಂಬುದು ಬ್ರಹ್ಮನಿಗೂ ತಿಳಿಯದು. ಮೂರು ತಿಂಗಳಾದ ಮೇಲೆ ಆ ಅವಧಿಯ ಸರಾಸರಿಯನ್ನು ತೋರಿಸುವ ಪರೀಕ್ಷೆಯನ್ನು ಮಾಡಿಸಿ. ಮಾತ್ರೆಯನ್ನು ಇಳಿಸುವುದಿದ್ದರೆ ವೈದ್ಯರು ಆ ಚೀಟಿ ನೋಡಿ ಇಳಿಸಲಿ. ಮೂಲಿಕೆಯ ವಿಷಯವನ್ನು ಹೇಳಿದರೆ ಡಾಕ್ಟರು ಬೈಯುತ್ತಾರೆಂದು ಅನೇಕರು ಮುಚ್ಚಿಡುತ್ತಾರೆ. ಬೈದರೂ ಚಿಂತೆಯಿಲ್ಲ. ಸೇವಿಸುತ್ತಿರುವ ಎಲೆಯನ್ನೋ ಪುಡಿಯ ಡಬ್ಬಿಯನ್ನೋ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಮೇಜಿನ ಮೇಲೆ ಇಡಿ.